ಬಾಲ್ಯದ ಕ್ರೌರ್ಯ ಹಣೆಬರಹವಲ್ಲ



ಮಾತುಮಾತಿಗೂ ಕೈಮಾಡುವ ಹುಡುಗನನ್ನು ಕಂಡೊಡನೆ "ಇವನು ಮುಂದೆ ಸೆರೆಮನೆಗೇ ಹೋಗುವವನು" ಎಂದು ನುಡಿದುಬಿಡುವುದು ಲೋಕರೂಢಿ. ಈ ನುಡಿಯಲ್ಲಿ ಸತ್ಯವೆಷ್ಟು? ಇದನ್ನು ಒರೆಗೆ ಹಚ್ಚಿ ನೋಡಿದ ವೃತ್ತಾಂತವೊಂದುಂಟು.

ಅಮೆರಿಕ ದೇಶದ ಷೆಲ್ಡನ್ ಗ್ಲೂಕ್ ಮತ್ತು ಎಲಿನಾರ್ ಗ್ಲೂಕ್ ಎಂಬ ವಿದ್ವಾಂಸ ದಂಪತಿಗಳು, ಅಪರಾಧವೆಸಗಿ ಸುಧಾರಣಾಶಾಲೆಗಳನ್ನು ಸೇರಿದ್ದ 500 ಬಾಲಕರನ್ನೂ, ಬಾಸ್ಟನ್ ನಗರದ ಬಡಕೇರಿಗಳಲ್ಲಿಯೇ ಬೆಳೆದರೂ ಅಪರಾಧಕ್ಕಿಳಿಯದ 500 ಬಾಲಕರನ್ನೂ ಹೋಲಿಸಿ, 1950ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ತಂದೆಯ ಶಿಕ್ಷೆಯ ರೀತಿ, ತಾಯಿಯ ಮೇಲ್ವಿಚಾರಣೆ, ಇಬ್ಬರ ವಾತ್ಸಲ್ಯ, ಮನೆಯವರ ಒಗ್ಗಟ್ಟು, ಇವುಗಳಿಂದ ಮಗುವಿನ ಮುಂದಿನ ನಡತೆಯನ್ನು ಊಹಿಸಬಹುದೆಂಬುದು ಅವರ ಮತ.

ಅವರ ದಾಖಲೆಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಬಹುಕಾಲ ಬಿದ್ದಿದ್ದವು. ಜಾನ್ ಲಾಬ್, ರಾಬರ್ಟ್ ಸ್ಯಾಂಪ್ಸನ್ ಎಂಬಿಬ್ಬರು ಅವನ್ನು ಹೊರತೆಗೆದು, ಆ ಅಪರಾಧಿ ಬಾಲಕರ ಬಾಳನ್ನು 70ರ ವಯಸ್ಸಿನವರೆಗೂ ಅರಸಿ, ಕಂಡುದನ್ನು 2003ರಲ್ಲಿ ಗ್ರಂಥರೂಪದಲ್ಲಿ ತಂದರು. ಆ ಬಾಲಕರಲ್ಲಿ ಅನೇಕರು ಪ್ರಾಯದಲ್ಲಿಯೂ ತಪ್ಪುಹಾದಿ ಹಿಡಿದುದು ನಿಜ. ಆದರೆ ವಯಸ್ಸು ಬಲಿತಂತೆ, ಕೆಲವರಲ್ಲಿ ಬೇಗ, ಕೆಲವರಲ್ಲಿ ತಡವಾಗಿ, ಅಪರಾಧವು ಇಳಿಯುತ್ತ ಬಂದಿತು. ಯಾರು ತಿದ್ದಿಕೊಳ್ಳುವರು, ಯಾರು ಮುಂದುವರಿಯುವರು ಎಂಬುದನ್ನು ಬಾಲ್ಯದ ಗುರುತುಗಳು ಸರಿಯಾಗಿ ತಿಳಿಸಲಿಲ್ಲ. ಅನೇಕರನ್ನು ತಿರುಗಿಸಿದವು ಒಳ್ಳೆಯ ದಾಂಪತ್ಯ, ಸ್ಥಿರವಾದ ಉದ್ಯೋಗ, ಸೈನ್ಯದ ಶಿಸ್ತು. ಕಾಯಕವು ಹೊಟ್ಟೆಯನ್ನಷ್ಟೇ ಹೊರೆಯುವುದಿಲ್ಲ, ಮನುಷ್ಯನನ್ನೂ ಕಟ್ಟುತ್ತದೆಂಬ ಮಾತನ್ನು ನಮ್ಮ ಮಹಾಜನಗಳಿಗೆ ಹೊಸದಾಗಿ ಹೇಳಬೇಕೇ?

ಹಾಗಾದರೆ ಬಾಲ್ಯದ ಕ್ರೌರ್ಯವನ್ನು ಉಪೇಕ್ಷಿಸಬಹುದೇ? ಸರ್ವಥಾ ಕೂಡದು. ಚಿಕ್ಕಂದಿನಲ್ಲಿಯೇ ಆರಂಭವಾಗಿ ಬೆಳೆಯುತ್ತ ಬಂದ ಹಿಂಸೆಯು ಅಪಾಯದ ಸೂಚನೆಯೇ ಸರಿ. ಆದರೆ ನೂರಾರು ಜನರ ಲೆಕ್ಕದಿಂದ ಹೊರಟ ಸಂಭವದ ಮಾತು, ನಿಮ್ಮೆದುರು ನಿಂತಿರುವ ಒಬ್ಬ ಹುಡುಗನ ತೀರ್ಪಾಗಲಾರದು. ಮೋಡ ಕಂಡವನು ಕೊಡೆ ಹಿಡಿಯಲಿ. ಊರೇ ಕೊಚ್ಚಿಹೋಯಿತೆಂದು ಡಂಗುರ ಸಾರದಿರಲಿ. "ಪುಂಡ" ಎಂದು ಹತ್ತು ಜನರು ಕರೆದರೆ ಹುಡುಗನು ಆ ಹೆಸರಿಗೆ ತಕ್ಕಂತೆ ನಡೆಯತೊಡಗುತ್ತಾನೆ. ಕೆಲಸ ಕೊಡುವವರೂ ಹೆಣ್ಣು ಕೊಡುವವರೂ ಹಿಂದೆಗೆಯುತ್ತಾರೆ. ತಿರುಗಿ ಬರುವ ದಾರಿಯನ್ನು ನಾವೇ ಮುಚ್ಚಿ, ಅವನು ಬರಲಿಲ್ಲವೆಂದು ದೂರುವುದು ನ್ಯಾಯವೇ?

ಆದುದರಿಂದ ಗೃಹಸ್ಥರೇ, ಮಗನು ಅನ್ಯರ ಮೇಲೆ ಕೈಮಾಡಿದರೆ ಮುಚ್ಚಿಡಬೇಡಿರಿ. ಪೆಟ್ಟು ತಿಂದವನ ಮನೆಗೆ ಅವನನ್ನು ಕರೆದೊಯ್ದು ತಪ್ಪನ್ನು ಒಪ್ಪಿಸಿರಿ. ಆದರೆ ಹೊಡೆತದಿಂದ ಹೊಡೆತವನ್ನು ಬಿಡಿಸಲು ಹೊರಡಬೇಡಿರಿ. ಕೈಗೆ ಕೆಲಸ ಕೊಡಿರಿ, ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಣ್ಣಿರಿ. ಅವನು ಏನಾಗುವನೆಂದು ನುಡಿಯುವುದು ಸುಲಭ. ಏನಾಗಬೇಕೋ ಅದಕ್ಕೆ ಜೊತೆಯಾಗುವುದು ಕಷ್ಟ. ಆ ಕಷ್ಟವೇ ತಂದೆತಾಯಿಗಳ ಧರ್ಮ.