ಉತ್ಸರ್ಗವೂ ಅಪವಾದವೂ

ವ್ಯಾಕರಣವನ್ನು ಅಲ್ಪಸ್ವಲ್ಪ ಓದಿದವರಿಗೂ ಉತ್ಸರ್ಗ, ಅಪವಾದ ಎಂಬ ಎರಡು ಮಾತುಗಳು ಪರಿಚಿತವಾದವು. ಎಲ್ಲೆಡೆಯಲ್ಲಿಯೂ ಸಲ್ಲುವ ಸಾಮಾನ್ಯ ವಿಧಿಯು ಉತ್ಸರ್ಗ. ಕೆಲವೆಡೆಗಳಲ್ಲಿ ಅದನ್ನು ತಡೆದು ನಿಲ್ಲಿಸುವ ವಿಶೇಷ ವಿಧಿಯು ಅಪವಾದ. ಇವೆರಡೂ ಒಂದೇ ಶಬ್ದದ ಮೇಲೆ ಎದುರುಬದುರಾಗಿ ಬಂದಾಗ ಅಪವಾದವೇ ಬಲವುಳ್ಳದ್ದೆಂದು ಶಾಸ್ತ್ರಕಾರರು ನಿರ್ಣಯಿಸಿದ್ದಾರೆ. ಶಬ್ದಗಳ ವಿಷಯದಲ್ಲಿ ಇಷ್ಟು ನ್ಯಾಯವಾಗಿ ನಡೆದುಕೊಂಡ ಮನುಷ್ಯನು ಜೀವಿಗಳ ವಿಷಯದಲ್ಲಿಯೂ ಹಾಗೆಯೇ ನಡೆದುಕೊಳ್ಳುವನೆ? ಬಹುಜನಕ್ಕೆ ಹಿತವಾದ ವಸ್ತುವೊಂದು ಕೆಲವೇ ಜೀವಿಗಳಿಗೆ ವಿಷವಾದರೆ, ಆ ಕೆಲವಕ್ಕೆ ನಾವು ಸಲ್ಲಿಸಬೇಕಾದ ಋಣವೇನು? ಇದೇ ಪ್ರಕೃತ ಲೇಖನದ ಪ್ರಶ್ನೆ. ಬರಿಯ ತರ್ಕದಿಂದ ಇದನ್ನು ಬಿಡಿಸಹೊರಡುವುದಕ್ಕಿಂತ, ನಿಜವಾಗಿ ನಡೆದ ಒಂದು ದೃಷ್ಟಾಂತವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಮೇಲು. ದೃಷ್ಟಾಂತವು ಒಂದು ತಳಿಯ ನಾಯಿಗಳದ್ದು. ನಾಯಿಯ ಮಾತೆಂದು ವಾಚಕರು ಅದನ್ನು ಹಗುರವಾಗಿ ಎಣಿಸಲಾರರೆಂದು ನಂಬಿದ್ದೇವೆ.

ಮೊದಲು ಮದ್ದಿನ ಗುಣವನ್ನೇ ಹೇಳುವುದು ನ್ಯಾಯ. ಜಪಾನು ದೇಶದ ಇಟೋ ಎಂಬ ಊರಿನ ಸಮೀಪದಲ್ಲಿ, ಚೆಂಡಾಟದ ಬಯಲೊಂದರ ಬಳಿಯಿಂದ ತಂದ ಹಿಡಿಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯನ್ನು ಸತೋಷಿ ಓಮುರ ಎಂಬ ವಿದ್ವಾಂಸರು ಬೇರ್ಪಡಿಸಿ ಬೆಳೆಸಿದರು. ಅದರ ರಸಕ್ಕೆ ಹುಳುಗಳನ್ನು ಕೊಲ್ಲುವ ಶಕ್ತಿಯಿರುವುದನ್ನು ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಎಂಬವರೂ ಅವರ ಸಂಗಡಿಗರೂ ಕಂಡುಕೊಂಡರು. ಇದರಿಂದ ಹುಟ್ಟಿದ ಇವರ್ಮೆಕ್ಟಿನ್ ಎಂಬ ಮದ್ದು 1981ರಲ್ಲಿ ದನಕುರಿಗಳ ಚಿಕಿತ್ಸೆಗೆ ಬಂದಿತು. ಆಫ್ರಿಕದ ಹೊಳೆಗಳ ದಡದಲ್ಲಿ ಕಪ್ಪು ನೊಣಗಳ ಕಡಿತದಿಂದ ಹರಡಿ ಮನುಷ್ಯರ ಕಣ್ಣನ್ನೇ ಕಳೆಯುವ ನದಿಗುರುಡೆಂಬ ವ್ಯಾಧಿಗೆ ಇದನ್ನು 1987ರಿಂದ ಧರ್ಮಾರ್ಥವಾಗಿ ಹಂಚತೊಡಗಿದರು. ಲಕ್ಷೋಪಲಕ್ಷ ಜನರ ದೃಷ್ಟಿಯನ್ನು ಉಳಿಸಿದ ಈ ಕಾರ್ಯಕ್ಕಾಗಿ 2015ರಲ್ಲಿ ಆ ಇಬ್ಬರಿಗೂ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಮನುಷ್ಯನು ಕಂಡುಹಿಡಿದ ಸತ್ಪದಾರ್ಥಗಳ ಪಟ್ಟಿಯಲ್ಲಿ ಇದಕ್ಕೊಂದು ಸ್ಥಾನವುಂಟೆಂಬುದರಲ್ಲಿ ಸಂಶಯವಿಲ್ಲ.

ಇನ್ನು ನಾಯಿಯ ಕಥೆ. ಸ್ಕಾಟ್‌ಲೆಂಡಿನ ಗುಡ್ಡಗಾಡಿನಲ್ಲಿ ಕುರಿಗಳನ್ನು ಕಾಯುತ್ತಿದ್ದ ಕೋಲಿ ಎಂಬ ನಾಯಿಯ ಚಿತ್ರವನ್ನಾದರೂ ಅನೇಕರು ನೋಡಿರಬಹುದು: ನೀಳವಾದ ಮೂತಿ, ಕತ್ತಿನ ಸುತ್ತ ದಟ್ಟವಾದ ಕೂದಲು, ಬೆಳ್ಳನೆಯ ಪಾದಗಳು. ಹೊಸ ಮದ್ದಿನ ಕೀರ್ತಿಯನ್ನು ಕೇಳಿದವರು, ದನ ಕುದುರೆಗಳಿಗಾಗಿ ಮಾಡಿದುದನ್ನು, ನಾಯಿಗಳಿಗೆಂದು ಇನ್ನೂ ಒಪ್ಪಿತವಾಗುವ ಮುನ್ನವೇ, ಕಜ್ಜಿಗೂ ಹುಳುಗಳಿಗೂ ತಮ್ಮ ನಾಯಿಗಳಿಗೆ ಕೊಡತೊಡಗಿದರು. ಬಹುಪಾಲು ನಾಯಿಗಳು ಗುಣಹೊಂದಿದುವು. ಆದರೆ ಕೋಲಿಗಳಲ್ಲಿ ಕೆಲವು ಮದ್ದು ತಿಂದ ಕೆಲವು ಗಂಟೆಗಳಲ್ಲಿಯೇ ತೂರಾಡಿದುವು, ಜೊಲ್ಲು ಸುರಿಸಿದುವು, ಕಣ್ಣಿನ ಪಾಪೆ ಅರಳಿ ದೃಷ್ಟಿ ನಿಂತುಹೋಯಿತು, ಮೈ ನಡುಗಿ, ಪ್ರಜ್ಞೆ ತಪ್ಪಿ ಕೆಲವು ಸತ್ತೂ ಹೋದುವು. 1983ರ ಸುಮಾರಿಗೆ ಇಂಥ ವರದಿಗಳು ಅಮೆರಿಕದ ಪಶುವೈದ್ಯರ ಪತ್ರಿಕೆಯಲ್ಲಿ ಅಚ್ಚಾದುವು. ಸಾಧಾರಣ ನಾಯಿಯೊಂದು ಮೈತೂಕದ ಕಿಲೋ ಒಂದಕ್ಕೆ 2000 ಮೈಕ್ರೋಗ್ರಾಂನಷ್ಟು ಮದ್ದನ್ನು ತಾಳಬಲ್ಲುದಾದರೆ, ಈ ನಾಯಿಗಳಿಗೆ ನೂರು ಇನ್ನೂರೇ ಪ್ರಾಣಾಂತಿಕವಾಗುತ್ತಿದ್ದಿತು. ಅದಕ್ಕೆ ಪ್ರತಿವಿಷವಿಲ್ಲ. ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ, ಮೈಮರೆತು ಬಿದ್ದ ಪ್ರಾಣಿಗೆ ನೀರನ್ನೂ ಉಸಿರನ್ನೂ ಒದಗಿಸುತ್ತ ಶುಶ್ರೂಷೆ ಮಾಡುವುದೊಂದೇ ಗತಿ. ಹೀಗೆ ಉಳಿದುಬಂದುವೂ ಉಂಟು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. “ಲೋಕದಲ್ಲಿ ಯಾವ ವಸ್ತುವು ಎಲ್ಲರಿಗೂ ಒಗ್ಗುವುದು? ಕೋಟಿ ಜೀವಗಳಿಗೆ ಉಪಕಾರವಾಗುವಲ್ಲಿ ನಾಲ್ಕು ನಾಯಿಗಳು ಸತ್ತರೆ ಅದನ್ನು ದೈವವೆಂದು ಬಿಡಬೇಕು. ಅದನ್ನೇ ದೊಡ್ಡದು ಮಾಡಿ ಸಾರಿದರೆ ಜನರು ಅಂಜಿ ಒಳ್ಳೆಯ ಮದ್ದನ್ನೇ ತೊರೆದಾರು, ಆಗ ಸಾಯುವ ಪ್ರಾಣಿಗಳ ಸಂಖ್ಯೆ ಇನ್ನೂ ಹೆಚ್ಚಾದೀತು” ಎಂದು ವ್ಯವಹಾರಜ್ಞರು ಹೇಳಬಹುದು. ಈ ಮಾತನ್ನು ತಿರಸ್ಕರಿಸತಕ್ಕದ್ದಲ್ಲ. ಇದರ ಹಿಂದೆಯೂ ದಯೆಯಿದೆ, ಲೆಕ್ಕವೂ ಇದೆ. ಆದರೆ ಲೆಕ್ಕದಲ್ಲಿ ಒಂದು ತಪ್ಪು ಸೇರಿಕೊಂಡಿದೆ. ಮೊದಲನೆಯ ನಾಯಿಯು ಸತ್ತಾಗ ಮದ್ದು ಕೊಟ್ಟವನು ಅಜ್ಞಾನಿ. ಅವನ ಕೈಯಿಂದಾದುದು ಅನಾಹುತ. ವರದಿಯು ಕೈಗೆ ಬಂದ ಮೇಲೆ ಹತ್ತನೆಯ ನಾಯಿಗೆ ಅದೇ ಮದ್ದನ್ನು ಅದೇ ಪ್ರಮಾಣದಲ್ಲಿ ಕೊಟ್ಟವನ ಕೃತ್ಯಕ್ಕೆ ಅದೇ ಹೆಸರು ಸಲ್ಲದು. ಮದ್ದು ಬದಲಾಗಲಿಲ್ಲ, ನಾಯಿಯೂ ಬದಲಾಗಲಿಲ್ಲ. ನಡುವೆ ಅರಿವೊಂದು ಬಂದು ಕೃತ್ಯದ ಬಣ್ಣವನ್ನೇ ಬದಲಿಸಿತು. ತಪ್ಪಿಸಬಹುದಾದ ಸಾವನ್ನು ಬಹುಜನಹಿತದ ಖಾತೆಗೆ ಖರ್ಚು ಬರೆಯುವ ಹಕ್ಕು ಯಾರಿಗೂ ಇಲ್ಲ.

ಅಲ್ಲದೆ ಅಪವಾದವನ್ನು ಮನ್ನಿಸಿದರೆ ಉತ್ಸರ್ಗವು ಕೆಡುವುದೆಂಬ ಭಯವೂ ಸುಳ್ಳೆಂದು ಈ ದೃಷ್ಟಾಂತವೇ ತೋರಿಸಿಕೊಟ್ಟಿತು. ಹೃದಯದಲ್ಲಿ ಹುಳು ಸೇರದಂತೆ ತಡೆಯುವುದಕ್ಕೆ ಕಿಲೋ ಒಂದಕ್ಕೆ 6 ಮೈಕ್ರೋಗ್ರಾಂ ಸಾಕೆಂದೂ, ಆ ಪ್ರಮಾಣವು ಕೋಲಿಗಳಿಗೂ ಅಪಾಯಕರವಲ್ಲವೆಂದೂ ಪರೀಕ್ಷೆಯಿಂದ ತಿಳಿದುಬಂದಿತು. ಮದ್ದು ಉಳಿಯಿತು, ನಾಯಿಯೂ ಉಳಿಯಿತು. ವರದಿಗಳನ್ನು ಬಚ್ಚಿಟ್ಟಿದ್ದರೆ ಈ ಮಿತಿಯನ್ನು ಯಾರು ಹುಡುಕುತ್ತಿದ್ದರು? ಅತಿಯಾದರೆ ಅಮೃತವೂ ವಿಷವೆನ್ನುತ್ತೇವೆ. ಆ ‘ಅತಿ’ ಎಂಬುದು ಎಲ್ಲರಿಗೂ ಒಂದೇ ಎಡೆಯಲ್ಲಿ ಮೊದಲಾಗುವುದಿಲ್ಲವೆಂಬ ಮಾತನ್ನು ಮಾತ್ರ ಮರೆಯುತ್ತೇವೆ.

ಈ ವಿಚಿತ್ರದ ಕಾರಣವು ಬಹುಕಾಲ ತಿಳಿಯದೆ ಇದ್ದಿತು. 1994ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು, ಎಂ.ಡಿ.ಆರ್. 1 ಎಂದು ಹೆಸರಾದ ವಂಶವಾಹಿಯ ಒಂದು ರೂಪವಿಲ್ಲದ ಇಲಿಗಳನ್ನು ಬೇರೊಂದು ಉದ್ದೇಶದಿಂದ ಬೆಳೆಸಿದ್ದರು. ಮೈಗೆ ನುಸಿ ಹತ್ತಿದುದಕ್ಕಾಗಿ ಅವಕ್ಕೆ ಇವರ್ಮೆಕ್ಟಿನ್ ಸಿಂಪಡಿಸಲು, ಆ ಇಲಿಗಳೇ ಸತ್ತುವು. ಇತರ ಇಲಿಗಳು ಸುಖವಾಗಿದ್ದುವು. ರಕ್ತದಲ್ಲಿ ಹರಿಯುವ ಪರದ್ರವ್ಯಗಳು ಮಿದುಳನ್ನು ಹೊಗದಂತೆ ರಕ್ತನಾಳಗಳ ಗೋಡೆಯಲ್ಲಿ ಒಂದು ಬಗೆಯ ಪ್ರೋಟೀನು ಬಾಗಿಲು ಕಾಯುವವನಂತೆ ನಿಂತು, ಒಳಬಂದುದನ್ನು ಹೊರಕ್ಕೆ ನೂಕುತ್ತಿರುವುದು. ಆ ಕಾವಲುಗಾರನನ್ನು ನಿರ್ಮಿಸುವ ವಿಧಿಯೇ ಈ ವಂಶವಾಹಿಯಲ್ಲಿರುವುದು. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ವಿಶ್ವವಿದ್ಯಾಲಯದಲ್ಲಿ ಕ್ಯಾಟ್ರಿನಾ ಮೀಲಿ ಎಂಬಾಕೆಯೂ ಅವರ ಸಂಗಡಿಗರೂ ಮದ್ದನ್ನು ತಾಳದ ಕೋಲಿಗಳನ್ನು ಪರೀಕ್ಷಿಸಿ, ಅವುಗಳ ಇದೇ ವಂಶವಾಹಿಯಲ್ಲಿ ನಾಲ್ಕಕ್ಷರಗಳು ಲೋಪವಾಗಿರುವುದನ್ನು ಕಂಡರು. ಸಾವಿರಾರು ಅಕ್ಷರಗಳ ಗ್ರಂಥದಲ್ಲಿ ಲಿಪಿಕಾರನು ನಾಲ್ಕಕ್ಷರ ಬಿಟ್ಟಂತೆ. ಮುಂದಿನ ವಾಕ್ಯವೆಲ್ಲ ಅರ್ಥಗೆಟ್ಟು ನಡುವೆಯೇ ನಿಂತುಹೋಯಿತು. ತಂದೆತಾಯಿಗಳಿಬ್ಬರಿಂದಲೂ ಈ ಲೋಪವನ್ನು ಪಡೆದ ನಾಯಿಗೆ ಬಾಗಿಲಲ್ಲಿ ಕಾವಲೇ ಇಲ್ಲ. ಒಬ್ಬರಿಂದ ಮಾತ್ರ ಪಡೆದುದಕ್ಕೆ ಅರೆಗಾವಲು.

ಇಲ್ಲಿಂದ ಪ್ರಶ್ನೆಯು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಈ ಲೋಪವು ಯಾರ ದೋಷ? ನಾಯಿಯದಂತೂ ಅಲ್ಲ. ಪ್ರಕೃತಿಯದೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಲೋಪವನ್ನು ಹೊತ್ತ ತಳಿಗಳೆಲ್ಲವೂ, ತಳಿಗಳು ಬೇರೆಬೇರೆಯಾಗುವ ಮುನ್ನ ಗ್ರೇಟ್ ಬ್ರಿಟನ್ನಿನಲ್ಲಿ ಬಾಳಿದ ಒಂದೇ ನಾಯಿಯಿಂದ ಅದನ್ನು ಪಡೆದಂತೆ ತೋರುತ್ತದೆ. ಆ ಒಂದು ನಾಯಿಯಲ್ಲಿ ಲೋಪವುಂಟಾದುದು ಆಕಸ್ಮಿಕ. ಆದರೆ ಅಮೆರಿಕದ ಕೋಲಿಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಅದು ನೆಲೆಸಿದುದು ಆಕಸ್ಮಿಕವಲ್ಲ. ವಿಕ್ಟೋರಿಯಾ ರಾಣಿಯು ಕೋಲಿಗಳನ್ನು ಮೆಚ್ಚಿ ಸಾಕಿದ ಮೇಲೆ ಕುರುಬರ ನಾಯಿಯು ಶ್ರೀಮಂತರ ಮನೆಯ ಅಲಂಕಾರವಾಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಸ್ಥಾಪಿತವಾಯಿತು. ವಂಶಾವಳಿಯ ಪುಸ್ತಕಗಳು ಹುಟ್ಟಿದುವು. ಪುಸ್ತಕದೊಳಗಿನ ನಾಯಿಗೆ ಪುಸ್ತಕದೊಳಗಿನ ನಾಯಿಯೇ ಜೊತೆಯೆಂಬ ಕಟ್ಟು ಬಂದಿತು. ಮೂತಿಯ ನೀಳವನ್ನೂ ಕೂದಲಿನ ಕಾಂತಿಯನ್ನೂ ಆರಿಸುತ್ತ ಹೋದ ಮನುಷ್ಯನು, ಕಣ್ಣಿಗೆ ಕಾಣದ ಈ ಲೋಪವನ್ನೂ ಅರಿಯದೆ ಆರಿಸಿದನು. ಆ ಮದ್ದುಗಳು ಹುಟ್ಟುವ ತನಕ ಲೋಪದಿಂದ ನಾಯಿಗೆ ಹೇಳತಕ್ಕ ಬಾಧೆಯಿರಲಿಲ್ಲವಾದುದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಹೀಗೆ ತಳಿಯನ್ನು ಕಟ್ಟಿದವನೂ ಮನುಷ್ಯನೇ, ಮದ್ದನ್ನು ಮಾಡಿದವನೂ ಮನುಷ್ಯನೇ. ಇವೆರಡರ ನಡುವೆ ಸಿಕ್ಕಿಕೊಂಡ ಪ್ರಾಣಿಯ ವಿಷಯದಲ್ಲಿ ನಮಗಿರುವುದು ಕೇವಲ ಕರುಣೆಯಲ್ಲ, ಹೊಣೆ. ಕರುಣೆಯನ್ನು ತೋರಬಹುದು, ಬಿಡಬಹುದು, ಹೊಣೆಯನ್ನು ಬಿಡಲಾಗದು.

ಹೊಣೆಯನ್ನು ಹೊರುವ ಬಗೆ ಯಾವುದು? ಸುಲಭವಾದ ಒಂದು ಬಗೆಯನ್ನು ಪಶುವೈದ್ಯರು ಮೊದಲು ಹಿಡಿದರು. ಪಾದ ಬೆಳ್ಳಗಿದ್ದರೆ ಮದ್ದು ಬೇಡವೆಂಬ ಅರ್ಥದ ಒಂದು ಪ್ರಾಸದ ಮಾತು ಇಂಗ್ಲಿಷಿನಲ್ಲಿ ಅವರಲ್ಲಿ ರೂಢಿಯಾಯಿತು. ಅರಿವು ಮಸುಕಾಗಿದ್ದ ಕಾಲಕ್ಕೆ ಅದು ವಿವೇಕದ ಮಾತೇ ಸರಿ. ಅನೇಕ ಪ್ರಾಣಿಗಳನ್ನು ಅದು ಕಾಪಾಡಿತು. ಆದರೂ ಪೂರ್ಣ ನ್ಯಾಯ ಅದರಲ್ಲಿರಲಿಲ್ಲ. ಲೋಪವಿಲ್ಲದ ಕೋಲಿಯು ತನ್ನ ಕುಲದ ಹೆಸರಿನಿಂದಲೇ ಬೇಕಾದ ಮದ್ದಿಗೆ ಎರವಾಯಿತು. ಇತ್ತ ನೀಳಗೂದಲಿನ ವಿಪೆಟ್ ಎಂಬ, ಬೇಟೆಯ ನಾಯಿಯಂತೆ ತೋರುವ ತಳಿಯಲ್ಲಿ ಲೋಪವು ಅಡಗಿದ್ದರೂ ಅದನ್ನು ಯಾರೂ ಶಂಕಿಸಲಿಲ್ಲ. ಬಾರ್ಡರ್ ಕೋಲಿ ಎಂಬುದಕ್ಕೆ ಕೋಲಿಯ ಹೆಸರೇ ಇದ್ದರೂ ಲೋಪವು ಅದರಲ್ಲಿ ವಿರಳ. ಹೆಸರೂ ಬಣ್ಣವೂ ಸಂದೇಹಕ್ಕೆ ಕಾರಣವಾಗಬಹುದು, ತೀರ್ಪಿಗೆ ಆಧಾರವಾಗಲಾರವು. ಜಾತಿಯನ್ನು ನೋಡಿ ವ್ಯಕ್ತಿಯನ್ನು ತೀರ್ಮಾನಿಸುವ ಅಭ್ಯಾಸವು ನಮ್ಮ ದೇಶಕ್ಕೆ ಹೊಸದಲ್ಲವಾದುದರಿಂದ ಈ ಪಾಠವು ನಮಗೆ ವಿಶೇಷವಾಗಿ ಸಲ್ಲುತ್ತದೆ. ಈಗಲಾದರೋ ಕೆನ್ನೆಯೊಳಗಿನ ಲೇಪವನ್ನು ತೆಗೆದು ಪರೀಕ್ಷಿಸಿದರೆ ಆಯಾ ನಾಯಿಯ ನಿಜಸ್ಥಿತಿಯೇ ತಿಳಿಯುವುದು. ಇವರ್ಮೆಕ್ಟಿನ್ ಒಂದೇ ಅಲ್ಲ. ಅರ್ಬುದಕ್ಕೆ ಕೊಡುವ ವಿನ್‌ಕ್ರಿಸ್ಟಿನ್, ಭೇದಿಗೆ ಮನೆಮನೆಯಲ್ಲಿಯೂ ಇಟ್ಟುಕೊಳ್ಳುವ ಲೋಪೆರಮೈಡ್ ಮೊದಲಾದುವೂ ಇಂಥ ನಾಯಿಗಳಿಗೆ ಅಪಾಯಕರ. ತಮಗೆ ಹಿತವಾದ ಗುಳಿಗೆಯನ್ನು ಪ್ರೀತಿಯಿಂದ ನಾಯಿಗೂ ಕೊಡುವವರು ಇದನ್ನು ನೆನಪಿಡತಕ್ಕದ್ದು. ಪ್ರೀತಿಯು ವಿಚಾರಣೆಯ ಕೆಲಸವನ್ನು ಮಾಡಲಾರದು.

ಮತ್ತೊಂದು ಆಕ್ಷೇಪ: “ಪರೀಕ್ಷೆಯಿರುವುದಾದರೆ ಲೋಪವುಳ್ಳ ನಾಯಿಗಳಿಗೆ ಸಂತಾನವೇ ಆಗದಂತೆ ತಡೆದು ಒಂದೇ ತಲೆಮಾರಿನಲ್ಲಿ ದೋಷವನ್ನು ನಿರ್ಮೂಲ ಮಾಡಬಾರದೆ?” ಕೇಳಲು ಚೆಂದ. ಆದರೆ ನೂರರಲ್ಲಿ ಎಪ್ಪತ್ತನ್ನು ಹೊರಗಿಟ್ಟು ಉಳಿದ ಮೂವತ್ತರಿಂದಲೇ ಕುಲವನ್ನು ನಡೆಸಿದರೆ, ಆ ಮೂವತ್ತರಲ್ಲಿ ಅಡಗಿರುವ ಬೇರೆ ಲೋಪಗಳು ನಾಳೆ ಎಲ್ಲದರಲ್ಲಿಯೂ ತಲೆಯೆತ್ತುವುವು. ಒಂದು ಗುಣವನ್ನೇ ನೋಡಿ ಆರಿಸಿದ್ದರಿಂದ ಹುಟ್ಟಿದ ಕೇಡನ್ನು ಮತ್ತೊಂದು ಗುಣವನ್ನೇ ನೋಡಿ ಆರಿಸಿ ಕಳೆಯಹೊರಡುವುದು ಹಳೆಯ ತಪ್ಪಿನ ಹೊಸ ರೂಪ. ಲೋಪವುಳ್ಳುದನ್ನು ಲೋಪವಿಲ್ಲದುದರೊಡನೆ ಕೂಡಿಸಿದರೆ ಎರಡು ಕಡೆಯಿಂದಲೂ ಲೋಪವನ್ನು ಪಡೆದ ಮರಿಯು ಹುಟ್ಟುವುದಿಲ್ಲ; ತಾಳ್ಮೆಯಿಂದ ಕೆಲವು ತಲೆಮಾರು ನಡೆದರೆ ದೋಷವು ತಾನಾಗಿ ತಗ್ಗುವುದು. ಕೆಡಿಸುವುದಕ್ಕೆ ನೂರು ವರುಷ ಹಿಡಿದುದನ್ನು ತಿದ್ದುವುದಕ್ಕೆ ಕೆಲವು ವರುಷಗಳನ್ನಾದರೂ ಕೊಡಬೇಡವೆ?

ನಾಯಿಯ ವಿಷಯದಲ್ಲಿ ಹೇಳಿದುದು ಮನುಷ್ಯನ ವಿಷಯದಲ್ಲಿಯೂ ಅಕ್ಷರಶಃ ಸಲ್ಲುವುದು. ಚಳಿಜ್ವರವು ಮರುಕಳಿಸದಂತೆ ನಮ್ಮ ದೇಶದಲ್ಲಿ ಕೊಡುತ್ತ ಬಂದಿರುವ ಪ್ರೈಮಾಕ್ವಿನ್ ಎಂಬ ಮದ್ದು ಕೆಲವರ ಕೆಂಪು ರಕ್ತಕಣಗಳನ್ನು ಒಡೆಯುವುದು. ಅಂಥವರಲ್ಲಿ ಜಿ-6-ಪಿ.ಡಿ. ಎಂಬ ಒಂದು ಕಿಣ್ವದ ಕೊರತೆಯಿರುವುದೇ ಅದಕ್ಕೆ ಕಾರಣವೆಂದು 1956ರಲ್ಲಿ ಗೊತ್ತಾಯಿತು. ಆ ಅರಿವಿಗೆ ದಾರಿಮಾಡಿದ ಪ್ರಯೋಗಗಳು ನಡೆದುದು ಅಮೆರಿಕದ ಇಲಿನಾಯ್ ಸಂಸ್ಥಾನದ ಒಂದು ಸೆರೆಮನೆಯ ಕೈದಿಗಳ ಮೇಲೆ. ಅಲ್ಲಿಯೂ ಅಪವಾದದ ಮೈಯೇ ಲೋಕಕ್ಕೆ ಪಾಠಪುಸ್ತಕವಾಯಿತು. ಹಾಗೆಂದು ಅಪವಾದಗಳಿಂದ ನಮಗೆ ವಿದ್ಯೆ ದೊರೆಯುವುದೆಂಬ ಕಾರಣಕ್ಕಾಗಿಯೇ ಅವನ್ನು ಆದರಿಸಬೇಕೆಂದು ನಾವು ಹೇಳುವವರಲ್ಲ. ವಿದ್ಯೆ ದೊರೆಯದಿದ್ದರೂ ಅವು ಆದರಣೀಯವೇ. ಪ್ರತಿಯೊಂದು ಪ್ರಾಣಿಗೂ ತನ್ನ ಪ್ರಾಣವು ನೂರರಲ್ಲಿ ಒಂದು ಭಾಗವಲ್ಲ, ಇರುವುದೆಲ್ಲವೂ ಅದೇ.

ಕೊನೆಯದಾಗಿ ಸಾಕ್ಷಿಯ ಮಾತು. ಮನುಷ್ಯನಾದರೆ ‘ಈ ಮದ್ದು ನನಗೆ ಒಗ್ಗದು’ ಎಂದು ವೈದ್ಯನಿಗೆ ಹೇಳಿಯಾನು. ನಾಯಿಗೆ ಆ ಬಾಯಿಲ್ಲ. ಅದರ ಪಕ್ಕದಲ್ಲಿದ್ದು ಕಂಡವನೇ ಅದರ ಬಾಯಿ. 1983ರಲ್ಲಿ ತಮ್ಮ ಕೈಯಾರೆ ಕೊಟ್ಟ ಮದ್ದಿನಿಂದ ನಾಯಿಗಳು ಕೆಟ್ಟುವೆಂಬುದನ್ನು ಪ್ರಕಟಿಸಿದ ವೈದ್ಯರಿಗೆ ಅದರಿಂದ ಕೀರ್ತಿ ಬರುವಂತಿರಲಿಲ್ಲ. ಸುಮ್ಮನಿದ್ದಿದ್ದರೆ ಕೇಳುವವರೂ ಇರಲಿಲ್ಲ. ಅವರು ಬರೆದರು, ಹದಿನೆಂಟು ವರುಷಗಳ ಮೇಲೆ ಕಾರಣ ತಿಳಿಯಿತು. ಇಂದು ಕೋಲಿಯೊಂದು ವೈದ್ಯನ ಮನೆಯಿಂದ ನಡೆದು ಹೊರಗೆ ಬರುತ್ತಿದ್ದರೆ, ಅದು ಆ ಹಳೆಯ ವರದಿಗಳ ಫಲ. ವೈದ್ಯರೇ ಆಗಲಿ, ಸಾಕಿದವರೇ ಆಗಲಿ, ಮನೆಯಲ್ಲಿ ರೋಗಿಯ ಬಳಿ ಕುಳಿತವರೇ ಆಗಲಿ, ಒಳ್ಳೆಯ ಮದ್ದು ಕೆಟ್ಟುದನ್ನು ಮಾಡಿದುದನ್ನು ಕಂಡರೆ, ಮದ್ದಿನ ಹೆಸರನ್ನೂ ಕೊಟ್ಟ ಪ್ರಮಾಣವನ್ನೂ ಹೊತ್ತನ್ನೂ ಗುರುತುಹಾಕಿಕೊಂಡು ಬಲ್ಲವರಿಗೆ ತಿಳಿಸುವುದು ಅವರ ಧರ್ಮ. ಮದ್ದಿನ ಮೇಲಣ ಗೌರವವು ಅದರಿಂದ ಕುಂದುವುದಿಲ್ಲ. ತನ್ನ ಅಪವಾದಗಳನ್ನು ತಾನೇ ಹೇಳಿಕೊಳ್ಳುವ ವ್ಯಾಕರಣವನ್ನು ನಾವು ನಂಬುವಂತೆ, ತನ್ನ ಅಪವಾದಗಳನ್ನು ಮರೆಮಾಡದ ವೈದ್ಯವನ್ನೂ ಜನರು ನಂಬುವರು.