ನಚಿಕೇತನ ಪ್ರಶ್ನೆಯೂ ಗಾಲಿಕುರ್ಚಿಯ ದಾನವೂ

ದಾನವು ಧರ್ಮದ ಮುಖ್ಯ ಅಂಗವೆಂಬುದನ್ನು ಎಲ್ಲ ಮತಗಳೂ ಒಪ್ಪುತ್ತವೆ. ಆದರೆ ಕೊಟ್ಟುದೆಲ್ಲವೂ ದಾನವೆನಿಸಲಾರದು. ಕಠೋಪನಿಷತ್ತು ಈ ಮಾತನ್ನು ತನ್ನ ಕಥೆಯ ಆರಂಭದಲ್ಲಿಯೇ ತೋರಿಸಿಕೊಟ್ಟಿದೆ. ವಾಜಶ್ರವಸನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡಬೇಕಾದ ಯಜ್ಞವೊಂದನ್ನು ಕೈಗೊಂಡನು. ಆದರೆ ಅವನು ಕೊಡಲು ಹೊರಡಿಸಿದ ಗೋವುಗಳು ಮುಪ್ಪಡಸಿ ಹಾಲು ಬತ್ತಿದವುಗಳಾಗಿದ್ದವು. ಅದನ್ನು ಕಂಡ ಬಾಲಕ ನಚಿಕೇತನ ಮನಸ್ಸು ನೊಂದಿತು. ತನ್ನನ್ನು ಯಾರಿಗೆ ಕೊಡುವೆಯೆಂದು ಅವನು ತಂದೆಯನ್ನು ಮತ್ತೆ ಮತ್ತೆ ಕೇಳಿದನು. ಮುಂದೆ ಯಮಧರ್ಮನು ಅವನಿಗೆ ಉಪದೇಶಿಸಿದ ತತ್ತ್ವದ ಆಳವನ್ನು ಪಂಡಿತರು ಬಲ್ಲರು. ಗೃಹಸ್ಥನಿಗಾದರೋ ಈ ಆರಂಭವೇ ಸಾಕಷ್ಟು ಪಾಠವಾಗಿದೆ. ಕೊಡುವ ವಸ್ತುವಿನಲ್ಲಿ ಇನ್ನೂ ಹಾಲುಂಟೆ? ಅದನ್ನು ಕೊಡುವುದು ಯಾರಿಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಬಳಿಕವೇ ಅದು ದಾನ.

ಇಂದು ಈ ಪ್ರಶ್ನೆಗಳು ಹೊಸದೊಂದು ವಸ್ತುವಿನ ವಿಷಯದಲ್ಲಿ ಏಳುತ್ತವೆ. ಮನೆಯ ಹಿರಿಯರು ಬಿದ್ದು ಸೊಂಟದ ಮೂಳೆ ಮುರಿದಾಗ, ಪಾರ್ಶ್ವವಾಯು ಬಡಿದಾಗ, ಮಕ್ಕಳು ಸಾಲ ಮಾಡಿಯಾದರೂ ಗಾಲಿಕುರ್ಚಿಯನ್ನೋ ವಾಕರನ್ನೋ ತರುತ್ತಾರೆ. ಕೆಲವು ತಿಂಗಳಲ್ಲಿ ಹಿರಿಯರು ಎದ್ದು ನಡೆಯುತ್ತಾರೆ, ಇಲ್ಲವೆ ದೈವಾಧೀನರಾಗುತ್ತಾರೆ. ಬಳಿಕ ಆ ಕುರ್ಚಿ ಅಟ್ಟವನ್ನೇರುತ್ತದೆ. ಅದರ ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹೊತ್ತಿಗೆ ಅದೇ ಊರಿನ ಇನ್ನೊಂದು ಕೇರಿಯಲ್ಲಿ ಒಬ್ಬಾಕೆ ನೀರಿನ ಕೊಡದವರೆಗೆ ಅಂಗೈಯೂರಿ ತೆವಳುತ್ತಿರುತ್ತಾಳೆ.

ಪೆದ್ದಹರಿವಾಣಂ ಮೊದಲಾದ ಆದೋನಿ ಸೀಮೆಯ ಗ್ರಾಮಗಳಲ್ಲಿ ಈ ಕಷ್ಟಕ್ಕೆ ಇನ್ನೊಂದು ಮುಖವುಂಟು. ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳೆಲ್ಲ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೂ, ಕಟ್ಟಡದ ಕೂಲಿಗೆ ಬೆಂಗಳೂರಿಗೂ ಹೊರಡುತ್ತವೆ. ಊರಿನಲ್ಲಿ ಉಳಿಯುವವರು ವೃದ್ಧರು. ಮಗ ಸೊಸೆ ದೂರದಲ್ಲಿರುವಾಗ ಕಾಲಿಲ್ಲದ ತಾಯಿಗೆ ಗಾಲಿಯುಳ್ಳ ಒಂದು ಆಸನವೇ ಮಗನ ಸ್ಥಾನದಲ್ಲಿ ನಿಲ್ಲುತ್ತದೆ. ಸರಕಾರದ ನೆರವು ಇಲ್ಲವೆಂದಲ್ಲ. ಕೇಂದ್ರ ಸರಕಾರದ ಸಹಾಯಕ ಸಾಧನಗಳ ಯೋಜನೆ 1981ರಿಂದ ನಡೆದುಬಂದಿದೆ. 1972ರಲ್ಲಿ ಸ್ಥಾಪಿತವಾದ ಕಾನಪುರದ ಕೃತಕಾಂಗ ನಿಗಮವು ಇಂತಹ ಸಾಧನಗಳನ್ನು ತಯಾರಿಸುತ್ತದೆ. ಆದರೆ ಪ್ರಮಾಣಪತ್ರವಾಗಬೇಕು, ಶಿಬಿರ ಬರಬೇಕು, ಅಳತೆಯಾಗಬೇಕು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿದಂದಿನಿಂದ ಕಚೇರಿಯ ಕಾಗದ ತೆಲುಗಿನದು. ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಮುದುಕಿಗೆ ಅದನ್ನು ಓದಿ ತುಂಬಿಸಿಕೊಡುವುದೂ ಒಂದು ದಾನವೇ. ಆ ಕಾಗದ ಫಲಿಸುವವರೆಗಿನ ದಿನಗಳನ್ನು ತೆವಳಿ ಕಳೆಯಬೇಕೆ? ನೆರೆಮನೆಯ ಅಟ್ಟದ ಕುರ್ಚಿಗೆ ಬೆಲೆ ಬರುವುದು ಇಲ್ಲಿಯೇ.

ಸತ್ತವರು ಬಳಸಿದ ವಸ್ತು ಅಮಂಗಳವೆಂದು ಕೊಡಲು ಅಳುಕುವವರೂ, ಸ್ವೀಕರಿಸಲು ಹೆದರುವವರೂ ಇದ್ದಾರೆ. ಈ ಶಂಕೆಯನ್ನು ಪರಿಹರಿಸಲು ದೂರ ಹೋಗಬೇಕಾಗಿಲ್ಲ. ಉತ್ತರಕ್ರಿಯೆಯಲ್ಲಿ ಕೊಡೆ, ಪಾದರಕ್ಷೆ, ಊರುಗೋಲು, ಹಾಸಿಗೆಗಳನ್ನು ದಾನ ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ಅಗಲಿದ ಜೀವದ ಪಯಣ ಸುಗಮವಾಗಲೆಂಬುದು ಅದರ ಭಾವನೆ. ಕಾಣದ ದಾರಿಯಲ್ಲಿ ನಡೆಯುವವರಿಗಾಗಿ ಕೋಲು ಕೊಡುವ ಧರ್ಮವು ಕಣ್ಣೆದುರಿನ ದಾರಿಯಲ್ಲಿ ನಡೆಯಲಾರದವರಿಗೆ ಕೋಲು ಕೊಡಬೇಡವೆಂದು ಹೇಳೀತೆ? ತಂದೆಯ ಕುರ್ಚಿಯನ್ನು ಕೊಟ್ಟುಬಿಟ್ಟರೆ ತಂದೆಯ ನೆನಪೂ ಹೋಗುವುದೆಂಬ ದುಃಖವನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಅದು ಪ್ರೇಮದಿಂದ ಹುಟ್ಟಿದ ದುಃಖ. ಆದರೆ ತುಕ್ಕು ತಿಂದ ಕುರ್ಚಿ ನೆನಪನ್ನು ಕಾಯಲಾರದು. ಒಬ್ಬರನ್ನು ದೇವರ ಗುಡಿಯವರೆಗೆ ತಂದ ಕುರ್ಚಿ ಕಾಯಬಲ್ಲುದು.

ಇನ್ನು ಮೊದಲನೆಯ ಪ್ರಶ್ನೆ: ವಸ್ತುವಿನಲ್ಲಿ ಹಾಲುಂಟೆ? ಬ್ರೇಕು ಹಿಡಿಯದ ಕುರ್ಚಿ, ಕಾಲು ಸಡಿಲಾದ ವಾಕರ್, ತಳದ ರಬ್ಬರು ಸವೆದ ಕೋಲು ಇವೆಲ್ಲ ವಾಜಶ್ರವಸನ ಗೋವುಗಳೇ. ಒಮ್ಮೆ ಬಿದ್ದವರನ್ನು ಅವು ಮತ್ತೆ ಬೀಳಿಸುತ್ತವೆ. ಕೊಡುವ ಮುನ್ನ ಸಾಬೂನಿನಿಂದ ತೊಳೆದು ಬಿಸಿಲಿಗಿಟ್ಟು, ಗಾಲಿಗೆ ಎಣ್ಣೆ ಹಾಕಿ, ತಿರುಪು ಬಿಗಿದು, ರಬ್ಬರು ಬದಲಿಸುವುದು ದಾನಿಯ ಕರ್ತವ್ಯ. ಗಾಲಿಕುರ್ಚಿಯ ದಿಂಬು ಹರಿದಿದ್ದರೆ ಹೊಸದನ್ನೇ ಇಡಬೇಕು. ಸ್ಪರ್ಶಜ್ಞಾನವಿಲ್ಲದ ದೇಹಕ್ಕೆ ಗಟ್ಟಿ ಆಸನ ಒತ್ತಿ ಹುಣ್ಣಾದರೆ ಅದು ಪ್ರಾಣಕ್ಕೇ ಎರವಾಗಬಹುದು.

ಎರಡನೆಯ ಪ್ರಶ್ನೆ: ಯಾರಿಗೆ? ಇದು ಜಾತಿಯ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಪಾದರಕ್ಷೆ ಮೆಟ್ಟಿ ನೇರ ನಿಂತು ತೋಳು ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ಕಂಕುಳ ಕೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿದ್ದು, ಭಾರವೆಲ್ಲ ಕೈಗಳ ಮೇಲಿರಬೇಕು. ಕಂಕುಳಲ್ಲೇ ತೂಗಿದರೆ ನರಕ್ಕೆ ಪೆಟ್ಟು. ದೊಡ್ಡಾಳಿನ ಕುರ್ಚಿಯಲ್ಲಿ ಮಗುವನ್ನು ಕೂಡಿಸಿದರೆ ಬೆನ್ನು ಬಾಗುತ್ತದೆ. ಆಸ್ಪತ್ರೆಯ ನಯವಾದ ನೆಲಕ್ಕೆ ಮಾಡಿದ ಸಣ್ಣ ಮುಂಗಾಲಿಯ ಕುರ್ಚಿ ಈ ಸೀಮೆಯ ಎರೆಮಣ್ಣಿನಲ್ಲಿ ಒಂದು ಮಳೆಗೇ ಹೂತುಹೋಗುತ್ತದೆ. ಹೊಲದ ದಾರಿಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಬಂಡಿ ಮೇಲು. ಕೃತಕ ಕಾಲಂತೂ ಒಬ್ಬರದು ಇನ್ನೊಬ್ಬರಿಗೆ ಸಲ್ಲದು. 1968ರಲ್ಲಿ ರೂಪುಗೊಂಡು ಲೋಕಪ್ರಸಿದ್ಧವಾದ ಜೈಪುರದ ಕಾಲನ್ನೂ ಆಯಾ ವ್ಯಕ್ತಿಯ ಅಳತೆಗೇ ಮಾಡಿಕೊಡುತ್ತಾರೆ. ಆದುದರಿಂದ ವೈದ್ಯರನ್ನೋ ಅಂಗಮರ್ದನ ಚಿಕಿತ್ಸಕರನ್ನೋ ಕೇಳಿ ಕೊಡುವುದು ವಿವೇಕ. ದೇಶ, ಕಾಲ, ಪಾತ್ರಗಳನ್ನು ನೋಡಿ ಪ್ರತಿಫಲವೆಣಿಸದೆ ಕೊಟ್ಟುದೇ ಸಾತ್ತ್ವಿಕ ದಾನವೆಂದು ಗೀತೆಯ 17ನೆಯ ಅಧ್ಯಾಯವು ತಿಳಿಸುವುದು ಇದನ್ನೇ ಅಲ್ಲವೆ?

ಪ್ರತಿಫಲದ ಮಾತು ಬಂದುದರಿಂದ ಇನ್ನೊಂದು ಸೂಕ್ಷ್ಮ. ಗುಡಿಯ ವಿದ್ಯುದ್ದೀಪದ ಮೇಲೆ ದಾನಿಯ ಹೆಸರನ್ನು ದಪ್ಪಕ್ಷರದಲ್ಲಿ ಬರೆಸಿ ಬೆಳಕನ್ನೇ ಮರೆಮಾಡುವ ರೂಢಿಯುಂಟು. ಕುರ್ಚಿಯ ಬೆನ್ನಿಗೆ ಹೆಸರು ಬರೆಸಿದರೆ ಕುಳಿತವನು ಅದನ್ನು ಹೊತ್ತು ತಿರುಗಬೇಕಾಗುತ್ತದೆ. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ ಎನ್. ಎಸ್. ಹೇಮಾ ಅವರು ಸ್ವತಃ ಪೋಲಿಯೋ ಬಾಧಿತರು. ಇಂದು ಪಡೆದವರು ನಾಳೆ ಸಾವಿರ ಜನರಿಗೆ ಕೊಡಬಲ್ಲರೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ದೇವಾಲಯದ ಜೀರ್ಣೋದ್ಧಾರವೆಂದರೆ ಹಳೆಯದನ್ನು ಎಸೆಯುವುದಲ್ಲ. ಸವೆದ ಕಂಬವನ್ನು ನೇರ ಮಾಡಿ, ಬಿರುಕಿಗೆ ಗಾರೆ ತುಂಬಿ, ಮತ್ತೆ ಭಾರ ಹೊರುವಂತೆ ನಿಲ್ಲಿಸುವುದು. ಅಟ್ಟದ ಕುರ್ಚಿಗೂ ಆ ಸಂಸ್ಕಾರ ದೊರೆಯಲಿ. ದೇವಾಲಯದ ಒಂದು ಮೂಲೆಯಲ್ಲಿ ಇಂತಹ ಸಾಧನಗಳನ್ನಿರಿಸಿ, ಒಯ್ದವರು ಯಾರು, ಮರಳಿದ್ದು ಎಂದು ಎಂಬುದನ್ನು ಬರೆದಿಡಲು ಒಂದು ಖಾತೆಪುಸ್ತಕವನ್ನಿಟ್ಟರೆ ಸಾಕು. ಮೆಟ್ಟಿಲ ಪಕ್ಕದಲ್ಲಿ 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಕಟ್ಟಿದರೆ ಕುರ್ಚಿಯಲ್ಲಿ ಬಂದವರು ಯಾರ ಹೆಗಲನ್ನೂ ಬೇಡದೆ ಗರ್ಭಗುಡಿಯ ದೀಪವನ್ನು ಕಾಣುವರು. ಆ ಖಾತೆಯಲ್ಲಿ ಜಮೆಯಾದುದೆಲ್ಲ ಖರ್ಚಾಗಿ, ಕಪಾಟು ಬರಿದಾಗಿರುವ ದಿನವೇ ಊರಿಗೆ ಲಾಭದ ದಿನ. ಅಂತಹ ಬುದ್ಧಿಯನ್ನು ಭಗವಂತನು ಸರ್ವರಿಗೂ ಕರುಣಿಸಲಿ.