ಆ ಅಜ್ಜಿ ಊರಿಗೆ ಯಾಕೆ ಹೋಗಲ್ಲ?

ಹಾರನಹಳ್ಳಿ ಸೀಮೆಯ ಮಕ್ಕಳಿಗೆ ಟಿಬೆಟಿಯನ್ನರು ಹೊಸಬರಲ್ಲ. ಕುಶಾಲನಗರದ ಬಸ್ಸು ಹತ್ತಿದರೆ ಕೆಂಪು ಬಟ್ಟೆಯ ಪುಟ್ಟ ಲಾಮಾ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ. ‘ಕ್ಯಾಂಪ್’ ಅಂದರೆ ಬೈಲಕುಪ್ಪೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶಾಲೆಯಿಂದ ಗೋಲ್ಡನ್ ಟೆಂಪಲ್‌ಗೆ ಒಂದು ಪ್ರವಾಸ, ಒಂದು ತಟ್ಟೆ ಮೊಮೊ, ಒಂದಷ್ಟು ಫೋಟೊ. ಪರಿಚಯ ಅಷ್ಟಕ್ಕೇ ಮುಗಿಯುತ್ತದೆ. ಆದರೂ ಯಾವತ್ತೋ ಒಂದು ದಿನ ಕ್ಯಾಂಪಿನ ಅಜ್ಜಿಯೊಬ್ಬಳನ್ನು ಕಂಡು ಮಗು ಕೇಳಿಯೇ ಕೇಳುತ್ತದೆ: “ಆ ಅಜ್ಜಿ ಅವರ ಊರಿಗೆ ಯಾಕೆ ಹೋಗಲ್ಲ?” ನಾವು “ಅಲ್ಲೇನೋ ಗಲಾಟೆ ಆಯ್ತಂತೆ ಕಣೋ” ಎಂದು ಮಾತು ಮುಗಿಸಿಬಿಡುತ್ತೇವೆ.

ಮುಗಿಸಿಬಿಡುವ ಮಾತಲ್ಲ ಅದು. 1959ರ ಮಾರ್ಚಿನಲ್ಲಿ ದಲೈ ಲಾಮಾ ಚೀನಾದ ಹಿಡಿತದಲ್ಲಿದ್ದ ಲಾಸಾ ಬಿಟ್ಟು ಹಿಮಾಲಯ ದಾಟಿದರು. ಅವರ ಹಿಂದೆ ಸಾವಿರಾರು ಜನ ಬಂದರು. ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ನೆಲ ಅಂದರೆ ಆಗ ಕಾಡು. ಹಿಮದ ಸೀಮೆಯಿಂದ ಇಳಿದವರು ಈ ಸೆಕೆಯಲ್ಲಿ ಡೇರೆ ಹಾಕಿಕೊಂಡು, ಆನೆ ಓಡಿಸುತ್ತಾ, ಬಿದಿರು ಮರ ಕಡಿದು ಹೊಲ ಮಾಡಿದರು. ಮುಸುಕಿನ ಜೋಳ ಬಿತ್ತಿದರು. 1963ರಲ್ಲಿ ಟಿಬೆಟಿನ ಗುರು ಪೆನೊರ್ ರಿಂಪೊಚೆ ಈಗ ಗೋಲ್ಡನ್ ಟೆಂಪಲ್ ಇರುವ ನಾಮ್ಡ್ರೋಲಿಂಗ್ ಮಠಕ್ಕೆ ಅಡಿಪಾಯ ಹಾಕಿದಾಗ ಅಲ್ಲಿ ಬಂಗಾರದ ಬಣ್ಣವೇನೂ ಇರಲಿಲ್ಲ. 1972ರ ಹೊತ್ತಿಗೆ ಹುಣಸೂರಿನ ಗುರುಪುರದಲ್ಲೂ ಇನ್ನೊಂದು ಕ್ಯಾಂಪ್ ಎದ್ದಿತು. ಚಳಿಗಾಲ ಬಂತೆಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರಿ ಬರುವುದೂ ಈ ಬದುಕಿನ ಭಾಗವಾಯಿತು.

ಆರು ವರ್ಷದ ಮಗುವಿಗೆ ಚೀನಾ, ಗಡಿ, ಒಪ್ಪಂದ ಎಂದೆಲ್ಲ ಹೇಳಿದರೆ ಏನೂ ಹತ್ತುವುದಿಲ್ಲ. ಆದರೆ ಅಮ್ಮನ ಬೆನ್ನಿಗೆ ಕಟ್ಟಿಕೊಂಡ ಕೂಸು, ಒದ್ದೆಯಾದ ಬೂಟು, ಬಾಗಿಲಲ್ಲೇ ಉಳಿದ ನಾಯಿ, ಇಷ್ಟು ಚಿತ್ರದಲ್ಲಿದ್ದರೆ ಸಾಕು, ಅದಕ್ಕೆ ತಿಳಿಯುತ್ತದೆ. ಚಿತ್ರದ ಪುಸ್ತಕ ಬೇಕಾಗುವುದು ಇಂಥಲ್ಲೇ. ಸಿರಿಯಾದ ಕಲಾವಿದ ನಿಜಾರ್ ಅಲಿ ಬದ್ರ್ ಹರಳುಕಲ್ಲುಗಳನ್ನು ಜೋಡಿಸಿ ಮೂಟೆ ಹೊತ್ತು ನಡೆಯುವ ಜನರನ್ನು ಮಾಡಿದರು. ಆ ಚಿತ್ರಗಳಿಗೆ ಕೆನಡಾದ ಮಾರ್ಗ್ರೀಟ್ ರೂರ್ಸ್ ಕಥೆ ಬರೆದರು, 2016ರಲ್ಲಿ ‘ಸ್ಟೆಪಿಂಗ್ ಸ್ಟೋನ್ಸ್’ ಎಂಬ ಪುಸ್ತಕ ಬಂತು. ಕಲ್ಲಿನ ಮನುಷ್ಯರಿಗೆ ಕಣ್ಣು ಮೂಗು ಇಲ್ಲ. ಬೆನ್ನು ಬಾಗಿದ್ದರಲ್ಲೇ ದಣಿವು ಕಾಣುತ್ತದೆ. ಕಾವೇರಿ ದಂಡೆಯಲ್ಲಿ ಹರಳು ಆರಿಸುವ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಚಿತ್ರ ಯಾವುದಿದೆ?

ಇಂಥ ಪುಸ್ತಕ ಕೈಗೆ ಬಂದಾಗ ದೊಡ್ಡವರು ಮಾಡುವ ಕೆಡುಕು ಒಂದಿದೆ. ಪ್ರತಿ ಪುಟಕ್ಕೂ “ಅಯ್ಯೋ ಪಾಪ” ಎನ್ನುವುದು. ಪಾಪ ಅನಿಸಿಕೊಂಡವರು ಮಗುವಿನ ಕಣ್ಣಲ್ಲಿ ತನಗಿಂತ ಒಂದು ಮೆಟ್ಟಿಲು ಕೆಳಗೆ ಕೂತುಬಿಡುತ್ತಾರೆ. ಬೈಲಕುಪ್ಪೆಯ ಅಜ್ಜಿ ಕಾಡು ಕಡಿದು ಹೊಲ ಮಾಡಿದವಳು, ಲೆಕ್ಕ ಬಲ್ಲ ವ್ಯಾಪಾರಿ, ಬೇಕಾದರೆ ನಮ್ಮೂರ ಕನ್ನಡದಲ್ಲೇ ಚೌಕಾಸಿ ಮಾಡುವವಳು. ಅವಳು ಕಳೆದುಕೊಂಡದ್ದನ್ನು ಹೇಳುವಾಗ ಕಟ್ಟಿದ್ದನ್ನೂ ಹೇಳಬೇಕು. ಇನ್ನೂ ಒಂದು ಆಟವಿದೆ: “ಮನೆ ಬಿಟ್ಟು ಓಡಬೇಕು, ಚೀಲಕ್ಕೆ ಏನೇನು ತುಂಬ್ತೀಯಾ?” ಎಂದು ಮಕ್ಕಳನ್ನು ಕೇಳುವುದು. ನನಗೆ ಇದು ಹಿಡಿಸದು. ತರಗತಿಯಲ್ಲಿ ನಿಜವಾಗಿ ಹಾಗೆ ಚೀಲ ತುಂಬಿ ಬಂದ ಮನೆಯ ಮಗುವೇ ಕೂತಿದ್ದರೆ? ಉಳಿದ ಮಕ್ಕಳೂ ರಾತ್ರಿ ನಿದ್ದೆಗೆಟ್ಟಾರು. “ನಮ್ಮ ಮನೇನೂ ಬಿಡಬೇಕಾ?” ಎಂದು ಮಗು ಕೇಳಿದರೆ, “ಇಲ್ಲ, ನಾವು ಇಲ್ಲೇ ಇರ್ತೀವಿ, ನಿನ್ನ ಜೊತೆಗೇ ಇರ್ತೀವಿ” ಎಂದು ಮೊದಲು ಧೈರ್ಯ ಹೇಳಬೇಕು. ಚರಿತ್ರೆ ಆಮೇಲೆ.

ಹಾಗೆಂದು ಸುಳ್ಳು ಹೇಳುವಂತಿಲ್ಲ. “ಈಗಲಾದರೂ ಹೋಗಬಹುದಲ್ಲ?” ಎಂಬುದು ಮುಂದಿನ ಪ್ರಶ್ನೆ. ಬಹುಪಾಲು ಜನರಿಗೆ ಆಗುವುದಿಲ್ಲ, ಚೀನಾ ಹೋಗಲು ಬಿಡುವುದಿಲ್ಲ ಎಂದೇ ಹೇಳಬೇಕು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಟಿಬೆಟಿಯನ್ನರು ಇಂದಿಗೂ ವಿದೇಶಿಯರ ನೋಂದಣಿ ಪತ್ರ ಇಟ್ಟುಕೊಂಡು, ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸುತ್ತಲೇ ಇದ್ದಾರೆ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಜಾಗ ಕೊಟ್ಟಿತು. ಈ ಎರಡನ್ನೂ ಮಗು ದೊಡ್ಡದಾದಂತೆ ತಿಳಿದುಕೊಳ್ಳಲಿ.

ಕೇಳುವುದನ್ನು ಕಲಿತ ಮಗು ನಮ್ಮ ಕಡೆಗೂ ತಿರುಗುತ್ತದೆ, ಅದಕ್ಕೆ ತಯಾರಿರಬೇಕು. ದೂರದಿಂದ ಬಂದವರ ಕಥೆ ಹೇಳುವುದು ನಮಗೆ ಸುಲಭ. ಅದರಲ್ಲಿ ತಪ್ಪು ಮಾಡಿದವರು ಬೇರೆ ಯಾರೋ, ಅನ್ನ ಇಟ್ಟವರು ನಾವು. ಅದೇ ಹುಣಸೂರಿನ ದಾರಿಯಲ್ಲಿ ನಾಗಾಪುರವಿದೆ. ನಾಗರಹೊಳೆ ಕಾಡಿನ ಹಾಡಿಗಳಿಂದ ಹೊರಗೆ ತಂದ ಜೇನುಕುರುಬರ ಪುನರ್ವಸತಿ ಅಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಹೆಗ್ಗಡದೇವನಕೋಟೆಯ ಹಳ್ಳಿಗಳೇ ನೀರಿನಡಿ ಹೋದವು. ಇವರಾರೂ ಗಡಿ ದಾಟಲಿಲ್ಲ, ಹಾಗಾಗಿ ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರಲ್ಲ. ಮಗುವಿಗೆ ಆ ಕಾನೂನು ಗೊತ್ತಿಲ್ಲ. “ಅವರೂ ಮನೆ ಬಿಟ್ಟು ಬಂದವರೇ ತಾನೆ? ಯಾರು ಬಿಡಿಸಿದ್ದು?” ಎಂದು ಕೇಳುತ್ತದೆ. ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೇಳುವ ಟಿಬೆಟಿನ ಕಥೆ ಅರ್ಧ ಸತ್ಯ ಎಂದೇ ನನ್ನ ತೀರ್ಮಾನ.

ಮಕ್ಕಳಿಗೆ ಚಿತ್ರದಲ್ಲಿ ಹೇಳುವ ಕೆಲಸ ನಮ್ಮ ಸೀಮೆಗೆ ಅಪರಿಚಿತವೇನಲ್ಲ. ಚಿತ್ರ, ಹಾಡು, ಕಾರ್ಡುಗಳಿಂದ ಕಲಿಸುವ ನಲಿ-ಕಲಿ 1995ರಲ್ಲಿ ಶುರುವಾದದ್ದು ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲೇ. ಮಾಡಿ ತೋರಿಸಿದವರು ನಮ್ಮ ಮೇಷ್ಟ್ರುಗಳೇ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಯಾರು ಬೇಕಾದರೂ ಚಿತ್ರಕಥೆ ಬರೆಯಬಹುದು, ಅನುವಾದಿಸಬಹುದು, ಅಚ್ಚು ಹಾಕಿಸಬಹುದು. ಪಂಚಾಯ್ತಿ ಲೈಬ್ರರಿಯ ಕಪಾಟಿನಲ್ಲಿ ಅಂಥ ಒಂದು ಪುಸ್ತಕಕ್ಕೆ ಜಾಗ ಇದ್ದೇ ಇರುತ್ತದೆ.

1960ರಲ್ಲಿ ಇಪ್ಪತ್ತರ ಹರೆಯದಲ್ಲಿ ಆ ಕಾಡು ಕಡಿದವರಿಗೆ ಈಗ ಎಂಬತ್ತೈದು ದಾಟಿದೆ. ಹಾಡಿಯಿಂದ ಹೊರಬಂದ ಹಿರಿಯರಿಗೂ ವಯಸ್ಸಾಗುತ್ತಿದೆ. ಪಿರಿಯಾಪಟ್ಟಣ, ಹುಣಸೂರಿನ ಮೇಷ್ಟ್ರುಗಳೇ, ಮೇಡಂಗಳೇ, ಬೇಸಿಗೆ ರಜೆಗೆ ಮುಂಚೆ ಒಂದು ಶನಿವಾರ ಮಕ್ಕಳ ಕೈಗೆ ಹಾಳೆ, ಬಣ್ಣ ಕೊಟ್ಟು ಅವರಿಬ್ಬರ ಬಳಿಗೂ ಕರೆದುಕೊಂಡು ಹೋಗಿ. ಮೊದಲು ಅವರ ಒಪ್ಪಿಗೆ ಕೇಳಿ. ಆಮೇಲೆ ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ.